ದಿನವಿಡೀ ನಿಂತೇ ಕೆಲಸ, ವಾಚ್ ಹೇಳೋ ಕ್ಯಾಲೊರಿ ನಂಬಬಹುದಾ?

ಸೀರೆ ಅಂಗಡಿಯವಳು: ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ ಕೆಲಸ. ಬೆಳಿಗ್ಗೆ ಹತ್ತೂವರೆಯಿಂದ ರಾತ್ರಿ ಎಂಟರವರೆಗೆ ನಿಂತೇ ಇರುತ್ತೇನೆ. ತೂಕ 60 ಕೆಜಿ. ನಿನ್ನೆ ಮದುವೆ ಜವಳಿಗೆ ಒಂದು ಕುಟುಂಬ ಬಂದಿತ್ತು. ನಲವತ್ತು ಸೀರೆ ಬಿಚ್ಚಿ, ಸೆರಗು ಹರಡಿ, ಮತ್ತೆ ಮಡಚಿದೆ. ನಿಂತ ಜಾಗ ಬಿಟ್ಟು ಕದಲಿಲ್ಲ, ಆದರೂ ವಾಚ್‌ನಲ್ಲಿ ಎರಡು ಸಾವಿರ ಹೆಜ್ಜೆ! (ಅವರು ಒಂದು ಸೀರೆಯನ್ನೂ ಕೊಳ್ಳಲಿಲ್ಲ, ಅದು ಬೇರೆ ಮಾತು.) ರಾತ್ರಿ ನೋಡಿದರೆ 2,300 ಕ್ಯಾಲೊರಿ. ಇದನ್ನು ನಂಬಿ ಎರಡು ಹೋಳಿಗೆ ಜಾಸ್ತಿ ತಿನ್ನಬಹುದಾ?

ಜಿಮ್ ಬಿಟ್ಟವನು: ವಾಚ್‌ಗೆ ಕಾಲು ಕಾಣಲ್ಲ, ಮಣಿಕಟ್ಟಷ್ಟೇ ಗೊತ್ತು. ಸೀರೆ ಕೊಡವಿದರೂ ಅದಕ್ಕೆ ನಡಿಗೆಯೇ. ಫೋನನ್ನು ಸೊಂಟದ ಹತ್ತಿರ ಇಟ್ಟು ಹೆಜ್ಜೆ ಎಣಿಸಿ ನೋಡಿ.

ರಾಗಿಮುದ್ದೆ: ಆ 2,300 ಇಡೀ ದಿನದ ಲೆಕ್ಕ ಇರಬೇಕು. ಸುಮ್ನೆ ಮಲಗಿದ್ದರೂ ಕೆಜಿಗೆ ಗಂಟೆಗೆ ಸುಮಾರು ಒಂದು ಕ್ಯಾಲೊರಿ ಹೋಗುತ್ತದೆ. ನಿಮಗೆ ದಿನಕ್ಕೆ 1,400ರ ಆಸುಪಾಸು. ಅಂಗಡಿಯಲ್ಲಿ ನಿಂತು ಮಾಡೋ ಕೆಲಸ ಅದರ ಎರಡು-ಮೂರು ಪಟ್ಟು, ಅಂದರೆ ಗಂಟೆಗೆ 120ರಿಂದ 180. ಗಿರಾಕಿ ಇಲ್ಲದೆ ಸುಮ್ನೆ ನಿಂತಾಗ ಕೂತಿದ್ದಕ್ಕಿಂತ ಸ್ವಲ್ಪವೇ ಜಾಸ್ತಿ.

ಸೀರೆ ಅಂಗಡಿಯವಳು: ಇವತ್ತು ಫೋನ್ ಸೊಂಟದ ಚೀಲದಲ್ಲಿಟ್ಟೆ. ವಾಚ್ 11,000, ಫೋನ್ 6,200! ಹಾಗಾದರೆ ಒಂದೇ ಹೋಳಿಗೆ. ಹಿಮ್ಮಡಿ ನೋವು ಮಾತ್ರ ಪೂರ್ತಿ 11,000ದ್ದೇ.