ದಾನಿ 8 ಲಕ್ಷ ಕೊಡ್ತೇನೆ ಅಂತಾರೆ, ನಮ್ಮ ಫುಟ್‌ಬಾಲ್ ಕ್ಲಬ್ ಆ ದುಡ್ಡು ತಗೊಳ್ಳಬಹುದಾ?

ಪ್ರಶ್ನೆ (ಕ್ಲಬ್ ಕಾರ್ಯದರ್ಶಿ, ಮಂಗಳೂರಿನ ಬೆಂಗ್ರೆ ಕಡೆಯಿಂದ):
ನಮಸ್ಕಾರ ಸರ್. ನಮ್ಮದು ಸಣ್ಣ ಫುಟ್‌ಬಾಲ್ ಕ್ಲಬ್. ಶುರುವಾಗಿ 14 ವರ್ಷ ಆಯಿತು. ಜಿಲ್ಲೆಯ ಟೂರ್ನಿಗಳು, ನೆಹರೂ ಮೈದಾನದ ಮ್ಯಾಚುಗಳು, ಆಚೀಚೆ ಊರಿನ ಸೆವೆನ್ಸ್ (ಏಳೇಳು ಜನರ ಆಟ), ನಮ್ಮ ಆಟ ಇಷ್ಟೇ. ವರ್ಷಕ್ಕೆ ಸುಮಾರು 3.5 ಲಕ್ಷ ಬರುತ್ತದೆ, ಅಷ್ಟೇ ಹೋಗುತ್ತದೆ. ಸದಸ್ಯರ ವಂತಿಗೆ, ಅಂಗಡಿಯವರ ದೇಣಿಗೆ, ಗಲ್ಫ್‌ನಲ್ಲಿರುವ ನಮ್ಮ ಹುಡುಗರು ಕಳಿಸುವುದು, ಬಹುಮಾನದ ದುಡ್ಡು, ಎಲ್ಲ ಸೇರಿ. ಈಗ ದುಬೈಯಲ್ಲಿರುವ ನಮ್ಮೂರಿನ ಒಬ್ಬ ಉದ್ಯಮಿ ಒಂದೇ ಸಲ 8 ಲಕ್ಷ ಕೊಡ್ತೇನೆ ಅಂತಾರೆ. ಜೆರ್ಸಿ ಮೇಲೆ ಅವರ ಕಂಪನಿ ಹೆಸರು ಬೇಕು. ಕೇರಳದಿಂದ ನಾಲ್ಕು ಒಳ್ಳೆಯ ಆಟಗಾರರನ್ನು ಸಂಬಳ ಕೊಟ್ಟು ತರಬೇಕು, ಈ ಸೀಸನ್ ಕಪ್ ಗೆಲ್ಲಲೇಬೇಕು. ಕಮಿಟಿಯಲ್ಲಿ ಅರ್ಧ ಜನ ಈಗಲೇ ಕುಣಿಯುತ್ತಿದ್ದಾರೆ. ನನಗೆ ಎಲ್ಲೋ ಅಳುಕು. ಲೆಕ್ಕದವರಾಗಿ ನೀವು ಏನು ಹೇಳ್ತೀರಿ?

ಉತ್ತರ (ಸಿಎ, ಮಂಗಳೂರು):
ದುಡ್ಡು ಬೇಡ ಅನ್ನುವ ಸಿಎ ಇನ್ನೂ ಹುಟ್ಟಿಲ್ಲ ಮಾರಾಯ್ರೆ. ತಗೊಳ್ಳಿ. ಆದರೆ ಅವರು ಹೇಳಿದ ಕೆಲಸಕ್ಕೆ ತಗೊಳ್ಳಬೇಡಿ.

ನಿಮ್ಮದೇ ಅಂಕಿ ಹಿಡಿದು ನೋಡುವ. ನಾಲ್ಕು ಜನಕ್ಕೆ ತಿಂಗಳಿಗೆ ತಲಾ 15 ಸಾವಿರ ಅಂತ ಇಟ್ಟುಕೊಳ್ಳಿ. 8 ತಿಂಗಳಿಗೆ 4.8 ಲಕ್ಷ. ರೂಮು, ಊಟ, ರೈಲು ಸೇರಿದರೆ 6 ಲಕ್ಷ ದಾಟುತ್ತದೆ. ಇಡೀ ಕ್ಲಬ್‌ನ ವರ್ಷದ ಆದಾಯಕ್ಕಿಂತ ಜಾಸ್ತಿ ದುಡ್ಡು ನಾಲ್ಕೇ ಜನರ ಮೇಲೆ. ದಾನಿಯ ಚೆಕ್ ಒಂದು ಸಲ ಬರುತ್ತದೆ. ಸಂಬಳ ಹಾಗಲ್ಲ, ಪ್ರತಿ ಒಂದನೇ ತಾರೀಕಿಗೆ ಬಾಯಿ ತೆರೆದು ಕೂತಿರುತ್ತದೆ. ಮುಂದಿನ ವರ್ಷ ಅವರು ಕೊಡದಿದ್ದರೆ? ಇನ್ನೊಂದು ತಾಪತ್ರಯ ಉಂಟು. ಇಷ್ಟು ವರ್ಷ ಚಾ, ಬನ್ಸ್‌ಗೆ ಆಡಿದ ನಿಮ್ಮ ಮನೆ ಹುಡುಗ ಈಗ ಕೇಳುತ್ತಾನೆ, "ಅವನಿಗೆ ಕೊಡ್ತೀರಿ, ನನಗೆ ಯಾಕಿಲ್ಲ?" ಅವನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆ ಬೇಡಿಕೆ ದಾನಿ ಹೋದ ಮೇಲೂ ಹೋಗುವುದಿಲ್ಲ.

ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್ ಹತ್ತಿರ ಬೆರಿ ಅಂತ ಒಂದು ಊರು. ಅಲ್ಲಿನ ಕ್ಲಬ್ ಹುಟ್ಟಿದ್ದು 1885ರಲ್ಲಿ. 1900 ಮತ್ತು 1903ರಲ್ಲಿ ಆ ದೇಶದ ದೊಡ್ಡ ಟೂರ್ನಿ ಎಫ್‌ಎ ಕಪ್ ಗೆದ್ದವರು. ಆದಾಯ ಮೀರಿದ ಖರ್ಚು, ಸಾಲದ ಮೇಲೆ ಸಾಲ. ಕೊನೆಗೆ ಸ್ಟೇಡಿಯಂನ ಪಾರ್ಕಿಂಗ್ ಜಾಗವನ್ನೂ ಒಂದೊಂದು ಕಾರಿನ ಲೆಕ್ಕದಲ್ಲಿ ಹೂಡಿಕೆದಾರರಿಗೆ ಮಾರಿದರು! 2018ರ ಡಿಸೆಂಬರ್‌ನಲ್ಲಿ ಇಡೀ ಕ್ಲಬ್ ಹೊಸ ಮಾಲೀಕನಿಗೆ ಹೋದದ್ದು 1 ಪೌಂಡ್‌ಗೆ. ತಮಾಷೆ ಅಂದರೆ, ಸಂಬಳ ಸಿಗದಿದ್ದರೂ ಆ ಸೀಸನ್ನಿನಲ್ಲಿ ತಂಡ ಚೆನ್ನಾಗಿಯೇ ಆಡಿ ಮೇಲಿನ ಡಿವಿಷನ್‌ಗೆ ಬಡ್ತಿ ಪಡೆಯಿತು. 2019ರ ಆಗಸ್ಟ್ 27ಕ್ಕೆ ಕ್ಲಬ್ಬನ್ನು ಲೀಗ್‌ನಿಂದಲೇ ಹೊರಗೆ ಹಾಕಿದರು. ಗೆಲ್ಲುವುದು ಬೇರೆ, ಉಳಿಯುವುದು ಬೇರೆ. ಈಗ ಅಭಿಮಾನಿಗಳು ಮತ್ತೆ ಕಟ್ಟಿ ಕೆಳಗಿನ ಮಟ್ಟದಿಂದ ಆಡಿಸುತ್ತಿದ್ದಾರೆ.

ದೂರದ ಕತೆ ಯಾಕೆ, ನನ್ನದೇ ಹೇಳುತ್ತೇನೆ. ನಾನು ಒಂದು ಕ್ಲಬ್‌ಗೆ 6 ವರ್ಷ ಖಜಾಂಚಿಯಾಗಿದ್ದೆ. ಹೆಸರು ಬೇಡ, ಈಗ ಅದು ಇಲ್ಲ. ನಮಗೂ ಒಬ್ಬರೇ ದಾನಿ. ಅವರ ವ್ಯಾಪಾರ ಕುಸಿಯಿತು, ಫೋನ್ ಎತ್ತುವುದು ನಿಂತಿತು. ಬಂದರಿನ ಹತ್ತಿರದ ಲಾಡ್ಜಿನ ಒಂದೇ ರೂಮಿನಲ್ಲಿ ಹೊರಗಿನ ಮೂವರು ಹುಡುಗರು. ಎರಡು ತಿಂಗಳ ಬಾಡಿಗೆ ಬಾಕಿ. ಮ್ಯಾನೇಜರ್ ಅವರ ಬೂಟುಗಳನ್ನು ಚೀಲದಲ್ಲಿ ಕಟ್ಟಿ ಕೌಂಟರಿನ ಹಿಂದೆ ಇಟ್ಟುಕೊಂಡಿದ್ದ. ನಾನು ಹೋಗಿ ಕೈಯಿಂದ ಬಾಕಿ ಕಟ್ಟಿ, ಬೂಟು ಬಿಡಿಸಿ, ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದೆ. ರೈಲು ಹೊರಟಾಗ ಒಬ್ಬ ಕಿಟಕಿಯಿಂದ ಅರೆಬರೆ ಕನ್ನಡದಲ್ಲಿ, "ಚೇಟ್ಟಾ, ಮುಂದಿನ ವರ್ಷ ಕರೀತೀರಲ್ವಾ?" ಅಂದ. ಅವನಿಗೆ ಕೊಡಬೇಕಾದ ಸಂಬಳ ಇವತ್ತಿಗೂ ಕೊಟ್ಟಿಲ್ಲ.

ನಿಮ್ಮ ದಾನಿಗೆ ಹೀಗೆ ಕೇಳಿ ನೋಡಿ: 8 ಲಕ್ಷವನ್ನು ಮೂರು ವರ್ಷಕ್ಕೆ ಹಂಚಿ ಕೊಡ್ತೀರಾ? ಜೆರ್ಸಿ ಮೇಲೆ ಮೂರು ವರ್ಷವೂ ನಿಮ್ಮದೇ ಹೆಸರು. ಮೊದಲ ಕಂತಿನಲ್ಲಿ ಗೋಲ್ ಪೋಸ್ಟ್, ಬಾಲು, ಮಕ್ಕಳ ಬೂಟು. ನಿಮ್ಮದೇ ಇಬ್ಬರು ಹಿರಿಯ ಆಟಗಾರರನ್ನು ದೇಶದ ಫುಟ್‌ಬಾಲ್ ಫೆಡರೇಷನ್ ಎಐಎಫ್‌ಎಫ್‌ನ ಡಿ ಲೈಸೆನ್ಸ್ ಕೋಚಿಂಗ್ ಕೋರ್ಸಿಗೆ ಕಳಿಸಿ. ಅದು ಊರಲ್ಲೇ ಉಳಿಯುವ ಆಸ್ತಿ. ಹೊರಗಿನವರು ಬೇಕೇ ಬೇಕು ಅಂದರೆ ಟೂರ್ನಿಗೆ ಇಷ್ಟು ಅಂತ ಮಾತಾಡಿ ತನ್ನಿ. ತಿಂಗಳ ಸಂಬಳದ ಮಾತು ಬೇಡ.

ಪ್ರಶ್ನೆ (ಇದೇ ಗುಂಪಿನ ಸದಸ್ಯ, ಉಳ್ಳಾಲ):
ಆಟಗಾರರಿಗೆ ಎಷ್ಟರವರೆಗೆ ಖರ್ಚು ಮಾಡಬಹುದು ಅಂತ ಏನಾದರೂ ಲೆಕ್ಕ ಉಂಟಾ ಸರ್?

ಉತ್ತರ:
ಇಂಗ್ಲೆಂಡಿನ ಲೀಗ್ ಟೂ, ಅಂದರೆ ನಾಲ್ಕನೇ ಮಟ್ಟದಲ್ಲಿ ಬಹಳ ವರ್ಷ ನಡೆದ ನಿಯಮ: ಆಟಗಾರರ ಸಂಬಳ ಕ್ಲಬ್‌ನ ಆದಾಯದ ಸುಮಾರು ಅರ್ಧ ದಾಟಬಾರದು. ಅದರ ಮೇಲಿನ ಲೀಗ್ ಒನ್‌ನಲ್ಲಿ ಶೇ 60. ಕೇಳಲು ಚಂದ. ಆದರೆ ಮಾಲೀಕ ಹಾಕಿದ ದುಡ್ಡನ್ನೂ ಆದಾಯ ಅಂತ ಸೇರಿಸಲು ಬಿಟ್ಟಿದ್ದರು, ಅಲ್ಲೇ ತೂತು. ಹಾಗಾಗಿ ನಾನು ಹೇಳುವುದು, ದಾನಿಯ ದುಡ್ಡು ಬಿಟ್ಟು ನೀವೇ ದುಡಿದದ್ದರ ಅರ್ಧ. ಬೆಂಗ್ರೆಯವರ ಲೆಕ್ಕದಲ್ಲಿ 1.75 ಲಕ್ಷ. ನಾಲ್ಕು ಸ್ಟಾರ್ ಬರುವುದಿಲ್ಲ, ಗೊತ್ತು.

ಪ್ರಶ್ನೆ (ಸದಸ್ಯ, ಕಂಕನಾಡಿ):
ನಮ್ಮ ದೇಶದಲ್ಲಿ ದೊಡ್ಡ ಕಂಪನಿಯ ಬೆನ್ನು ಇಲ್ಲದೆ ಫುಟ್‌ಬಾಲ್ ನಡೆದದ್ದುಂಟಾ? ಒಬ್ಬ ದೊಡ್ಡ ದಾನಿ ಸಿಕ್ಕಿದರೆ ಹಿಡಿದುಕೊಳ್ಳುವುದೇ ಬುದ್ಧಿವಂತಿಕೆ.

ಉತ್ತರ:
ಕಂಪನಿಯ ಬೆನ್ನು ಇದ್ದವರ ಗತಿ ನೋಡಿ. ಮಹೀಂದ್ರ ಯುನೈಟೆಡ್ ಒಳ್ಳೆಯ ತಂಡ, 2010ರಲ್ಲಿ ಮುಚ್ಚಿತು. ಪಂಜಾಬಿನ ಜೆಸಿಟಿ 1996–97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದವರು, 2011ರಲ್ಲಿ ಮುಚ್ಚಿದರು. ಎರಡೂ ಕಡೆ ಆಟ ಕೆಟ್ಟು ಮುಚ್ಚಿದ್ದಲ್ಲ, ಕಂಪನಿ ಇನ್ನು ಸಾಕು ಅಂತ ತೀರ್ಮಾನ ಮಾಡಿತು. ತೀರಾ ಇತ್ತೀಚಿನದು ಬೇಕಾ? 2025ರ ಜುಲೈನಲ್ಲಿ ದೇಶದ ದೊಡ್ಡ ಲೀಗ್ ಐಎಸ್‌ಎಲ್ ನಡೆಸುತ್ತಿದ್ದ ಕಂಪನಿ ಮುಂದಿನ ಸೀಸನ್ನನ್ನು ತಡೆಹಿಡಿಯಿತು. ಫೆಡರೇಷನ್ ಜೊತೆಗಿನ 15 ವರ್ಷದ ಒಪ್ಪಂದ ಆ ಡಿಸೆಂಬರ್‌ಗೆ ಮುಗಿಯುವುದರಲ್ಲಿತ್ತು. ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿಯೇ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಮಕ್ಕಳ ತಂಡಗಳನ್ನು ಮಾತ್ರ ಮುಟ್ಟಲಿಲ್ಲ, ಅದನ್ನು ಗಮನಿಸಿ. ಹಿಡಿದುಕೊಳ್ಳಿ, ಆದರೆ ಇನ್ನೊಂದು ಕೈಯಲ್ಲಿ ಬೇರೆ ಕೊಂಬೆಯೂ ಇರಲಿ.

ಪ್ರಶ್ನೆ (ಸದಸ್ಯೆ, ಉಡುಪಿ):
ಟಿಕೆಟ್ ಇಡಬಾರದಾ? ಸೆವೆನ್ಸ್‌ಗೆ ಮಲಬಾರಿನಲ್ಲಿ ಜನ ದುಡ್ಡು ಕೊಟ್ಟು ಬರ್ತಾರಲ್ಲ.

ಉತ್ತರ:
ಒಳ್ಳೆಯ ಪ್ರಶ್ನೆ, ಅದೂ ಉಡುಪಿಯಿಂದ! ನಿಮಗೆ ಯಕ್ಷಗಾನದ ಉದಾಹರಣೆಯೇ ಸಾಕು. ಒಂದು ಕಾಲದಲ್ಲಿ ಡೇರೆ ಮೇಳಗಳು ಊರೂರಲ್ಲಿ ಟೆಂಟ್ ಹೊಡೆದು ಟಿಕೆಟ್ ಮಾರುತ್ತಿದ್ದವು. ಕಲೆಕ್ಷನ್ ಆಗದ ರಾತ್ರಿ ಯಜಮಾನನಿಗೆ ಕೈಯಿಂದ ಹೋಗುತ್ತಿತ್ತು. ಅಂಥ ಎಷ್ಟೋ ಮೇಳ ನಿಂತೇ ಹೋದವು. ಆದರೆ ಹರಕೆ ಮೇಳಗಳನ್ನು ನೋಡಿ. ಕಟೀಲು ಮೇಳದ ಒಂದು ಆಟಕ್ಕೆ ಹೆಸರು ಬರೆಸಿ ಜನ ವರ್ಷಗಟ್ಟಲೆ ಕಾಯುತ್ತಾರೆ. ಆಟ ಶುರುವಾಗುವ ಮೊದಲೇ ಅದರ ಖರ್ಚಿಗೆ ಒಬ್ಬ ಆಸಾಮಿ ಇರುತ್ತಾನೆ. ನೋಡುವವರಿಗೆ ಫ್ರೀ. ಒಂದು ಮನೆಯವರು ಈ ವರ್ಷ ಆಡಿಸದಿದ್ದರೆ ಮೇಳ ಮುಳುಗುವುದಿಲ್ಲ, ಮುಂದಿನ ಮನೆ ಉಂಟು.

ಫುಟ್‌ಬಾಲ್‌ಗೆ ದೇವರ ಬಲ ಇಲ್ಲ, ಒಪ್ಪುತ್ತೇನೆ. ಆದರೂ ಲೆಕ್ಕ ಅದೇ. ಬಯಲು ಮೈದಾನಕ್ಕೆ ಗೇಟ್ ಕಟ್ಟಿ, ಶೀಟ್ ಹೊಡೆದು, ಮಳೆಗಾಲದಲ್ಲಿ ಟಿಕೆಟ್ ಮಾರುವುದು ಜೂಜು. ಅದರ ಬದಲು ಒಂದೊಂದು ಮ್ಯಾಚ್ ಒಬ್ಬೊಬ್ಬರ ಹೆಸರಲ್ಲಿ ಆಗಲಿ. ತಂದೆಯ ನೆನಪಿಗೆ ಒಂದು, ಮಗನ ಮದುವೆಗೆ ಒಂದು. ಬಾಲು, ರೆಫ್ರಿ, ನೀರು, ಊಟ ಅವರ ಲೆಕ್ಕ. 8 ಲಕ್ಷದ ಒಬ್ಬ ದಾನಿಗಿಂತ 5 ಸಾವಿರದ 60 ಜನ ನನಗೆ ಇಷ್ಟ. ಒಟ್ಟು 3 ಲಕ್ಷವೇ ಇರಬಹುದು, ಆದರೆ ಹತ್ತು ಜನ ಕೈಕೊಟ್ಟರೂ ಹೋಗುವುದು 50 ಸಾವಿರ.

ಪ್ರಶ್ನೆ (ಸದಸ್ಯ, ಸುರತ್ಕಲ್):
ನಮ್ಮ ಕಡೆ ದೊಡ್ಡ ದೊಡ್ಡ ಕಂಪನಿಗಳಿವೆ. ಸಿಎಸ್‌ಆರ್ ಫಂಡ್ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ದುಡ್ಡು) ಕೇಳಬಹುದಲ್ಲ?

ಉತ್ತರ:
ಕೇಳಬಹುದು. ಕಂಪನಿ ಕಾಯ್ದೆ 2013ರ ಏಳನೇ ಶೆಡ್ಯೂಲ್‌ನಲ್ಲಿ ಗ್ರಾಮೀಣ, ಒಲಿಂಪಿಕ್ ಕ್ರೀಡೆಗಳ ತರಬೇತಿಗೆ ಜಾಗ ಇದೆ. 'ತರಬೇತಿ' ಅನ್ನುವ ಶಬ್ದಕ್ಕೆ ಗೆರೆ ಎಳೆದುಕೊಳ್ಳಿ. ಮಕ್ಕಳ ಕೋಚಿಂಗ್ ಅಂದರೆ ಸರಿ. ನಮ್ಮ ಜೆರ್ಸಿ ಮೇಲೆ ನಿಮ್ಮ ಹೆಸರು ಹಾಕ್ತೇವೆ, ಕಪ್ ಗೆಲ್ತೇವೆ ಅಂದರೆ ಅದು ಪ್ರಚಾರ, ಸಿಎಸ್‌ಆರ್ ಆಗುವುದಿಲ್ಲ. ದುಡ್ಡು ಪಡೆಯುವ ಸಂಸ್ಥೆ ಸಿಎಸ್‌ಆರ್-1 ಫಾರ್ಮ್ ತುಂಬಿ ನೋಂದಣಿ ಮಾಡಿಸಿರಬೇಕು. ಆದಾಯ ತೆರಿಗೆಯಲ್ಲಿ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ರಿಯಾಯಿತಿ) ಅಂತ ಕರೆಯುತ್ತಿದ್ದ ಎರಡು ನೋಂದಣಿಗಳು ಬೇಕು. ಮೂರು ವರ್ಷ ಇಂಥ ಕೆಲಸ ಮಾಡಿದ ದಾಖಲೆ ಬೇಕು.

ಇಲ್ಲೇ ನಮ್ಮ ಕ್ಲಬ್‌ಗಳು ಮುಗ್ಗರಿಸುವುದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಏಳು ಜನ ಸೇರಿ ಸಂಘ ಮಾಡಿರುತ್ತಾರೆ. ಸರ್ಟಿಫಿಕೇಟಿಗೆ ಫ್ರೇಮ್ ಹಾಕಿ ಕಪಾಟಿನ ಮೇಲೆ ನೇತುಹಾಕಿರುತ್ತಾರೆ. ಆಮೇಲೆ ಪ್ರತಿ ವರ್ಷ ಮಹಾಸಭೆ ಮಾಡಬೇಕು, ಆಡಿಟ್ ಆದ ಲೆಕ್ಕವನ್ನು ರಿಜಿಸ್ಟ್ರಾರ್‌ಗೆ ಕೊಡಬೇಕು ಅನ್ನುವುದು ಯಾರಿಗೂ ನೆನಪಿಲ್ಲ. ಏಳೆಂಟು ವರ್ಷದ ಲೆಕ್ಕ ಒಟ್ಟಿಗೆ ತಂದು ನನ್ನ ಮೇಜಿನ ಮೇಲೆ ಸುರಿದವರು ಉಂಟು, ಬೂಟಿನ ಡಬ್ಬಿಯಲ್ಲಿ! ಫುಟ್‌ಬಾಲ್ ಕ್ಲಬ್ ಅಲ್ವಾ, ಡಬ್ಬಿಗೇನೂ ಬರ ಇಲ್ಲ. ಅರ್ಧ ಬಿಲ್ಲು ಮಳೆಗೆ ನೆಂದು ಒಂದಕ್ಕೊಂದು ಅಂಟಿತ್ತು.

ಇನ್ನೊಂದು: 80ಜಿ ಇದ್ದರೂ, 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟ ದಾನಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಕ್ಯೂಆರ್ ಕೋಡ್ ಇಡಿ. ದುಡ್ಡು ಕ್ಲಬ್ ಖಾತೆಗೇ ಬರಲಿ, ಅಧ್ಯಕ್ಷರ ಫೋನಿಗೆ ಅಲ್ಲ.

ಪ್ರಶ್ನೆ (ಸದಸ್ಯ, ಕುದ್ರೋಳಿ):
ಆಟಗಾರನನ್ನು ಬೆಳೆಸಿ ದೊಡ್ಡ ಕ್ಲಬ್‌ಗೆ ಕೊಟ್ಟರೆ ದುಡ್ಡು ಬರುತ್ತದಂತೆ, ಹೌದಾ?

ಉತ್ತರ:
ಬರುತ್ತದೆ, ಕಾಗದ ಸರಿ ಇದ್ದರೆ. ಇಂಗ್ಲೆಂಡಿನ ಎಕ್ಸೆಟರ್ ಸಿಟಿ ಅಭಿಮಾನಿಗಳ ಟ್ರಸ್ಟ್ ನಡೆಸುವ ಕ್ಲಬ್. 2003ರಲ್ಲಿ ಮುಳುಗುತ್ತಿದ್ದಾಗ ಅವರೇ ಕೈಗೆ ತಗೊಂಡದ್ದು. 2005ರಲ್ಲಿ ಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ ಅವರ ನೆಲದಲ್ಲೇ 0–0 ಡ್ರಾ ಮಾಡಿದರು. ಆ ಮ್ಯಾಚು, ಮರುಪಂದ್ಯದ ದುಡ್ಡು ಹೋದದ್ದು ಸಾಲಕ್ಕೆ, ಹೊಸ ಸ್ಟಾರ್‌ಗಳಿಗೆ ಅಲ್ಲ. ಅಲ್ಲೇ ಚಿಕ್ಕಂದಿನಿಂದ ಬೆಳೆದ ಓಲಿ ವಾಟ್ಕಿನ್ಸ್‌ನನ್ನು 2017ರಲ್ಲಿ ಬ್ರೆಂಟ್‌ಫರ್ಡ್‌ಗೆ ಮಾರಿದರು. ಮುಂದೆ ಮಾರಿದರೆ ನಮಗೂ ಪಾಲು ಬೇಕು ಅಂತ ಬರೆಸಿಕೊಂಡಿದ್ದರು. 2020ರಲ್ಲಿ ಅವನು ಆಸ್ಟನ್ ವಿಲ್ಲಾಗೆ ಹೋದಾಗ ಮತ್ತೆ ಲಕ್ಷಗಟ್ಟಲೆ ಪೌಂಡ್ ಬಂತು. ಒಂದು ಸಾಲಿನ ಕರಾರು!

ಫಿಫಾ ನಿಯಮದಲ್ಲಿ ಬೇರೆಯೇ ಒಂದು ಪಾಲು ಉಂಟು. ಆಟಗಾರ ಒಂದು ದೇಶದಿಂದ ಇನ್ನೊಂದಕ್ಕೆ ದುಡ್ಡಿಗೆ ಹೋದರೆ, ಆ ಮೊತ್ತದಲ್ಲಿ ಶೇ 5ರವರೆಗೆ ಅವನನ್ನು 12ರಿಂದ 23ರ ವಯಸ್ಸಿನಲ್ಲಿ ತರಬೇತು ಮಾಡಿದ ಕ್ಲಬ್‌ಗಳಿಗೆ ಹಂಚಬೇಕು. ನಮ್ಮ ಹುಡುಗರ ಮಟ್ಟಿಗೆ ಇದು ಲಾಟರಿ. ಬಜೆಟ್ಟಿನಲ್ಲಿ ಒಂದು ರೂಪಾಯಿಯನ್ನೂ ಇದರ ಮೇಲೆ ಬರೆಯಬೇಡಿ. ಆದರೆ ಹುಡುಗನನ್ನು ನಿಮ್ಮ ಕ್ಲಬ್ ಹೆಸರಲ್ಲಿ ಎಐಎಫ್‌ಎಫ್‌ನ ಆನ್‌ಲೈನ್ ನೋಂದಣಿಗೆ ಸೇರಿಸಿಡಿ. ಲಾಟರಿ ಹೊಡೆದ ದಿನ ಟಿಕೆಟ್ ಕೈಯಲ್ಲಿರಬೇಕಲ್ಲ.

ಕಂಕನಾಡಿ ಸದಸ್ಯ:
ಎಲ್ಲ ಸರಿ. ಆದರೆ ಗೆಲ್ಲದ ತಂಡಕ್ಕೆ ಆ 60 ಜನ ಯಾಕೆ ಕೊಡ್ತಾರೆ? ನಿಮ್ಮ ಲೆಕ್ಕದಲ್ಲಿ ಆಟವೇ ಇಲ್ಲ ಸರ್.

ಉತ್ತರ:
ಈ ಏಟು ನನಗೆ ತಾಗಿತು. ಸೋಲುತ್ತಲೇ ಇದ್ದರೆ ಕೊಡುವುದಿಲ್ಲ, ನಿಜ. ಆದರೆ ಬೆಂಗ್ರೆಯಲ್ಲಿ ಫೆರ್ರಿ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಸಂಜೆ ಹೊಯಿಗೆಯಲ್ಲಿ ಬರಿಗಾಲಲ್ಲಿ ಆಡುವ ಮಕ್ಕಳು ಕಾಣುತ್ತಾರೆ. ಆ ಊರಿಗೆ ನಾಲ್ಕು ಹೊರಗಿನ ಸ್ಟ್ರೈಕರ್ ಬೇಕಾ ಅಂತ ನನ್ನ ಪ್ರಶ್ನೆ. ಜನ ತಮ್ಮ ಅಕ್ಕನ ಮಗ ಆಡುವುದನ್ನು ನೋಡಲು ಬರುತ್ತಾರೆ. ಅವನಿಗೆ ಜೆರ್ಸಿ ಕೊಡಿಸುವವರೂ ಅವರೇ. ಒಂದು ವರ್ಷ ಕಪ್ ತಪ್ಪಬಹುದು. ನಾನು ಖಜಾಂಚಿ ಆಗಿದ್ದ ಕ್ಲಬ್ ಕಪ್ ಗೆದ್ದಿತ್ತು ಮಾರಾಯ್ರೆ. ಆ ಕಪ್ ಈಗ ನಮ್ಮ ಮನೆ ಅಟ್ಟದಲ್ಲಿದೆ, ಇಡಲು ಬೇರೆ ಜಾಗ ಇಲ್ಲ.

ಬೆಂಗ್ರೆ ಕಾರ್ಯದರ್ಶಿ (ಐದು ದಿನದ ನಂತರ):
ಸರ್, ದಾನಿ ಹತ್ತಿರ ಮಾತಾಡಿದೆವು. ಮೊದಲು ಸ್ವಲ್ಪ ಬೇಸರ ಮಾಡಿಕೊಂಡರು, ಕಪ್ ಬೇಡ್ವಾ ನಿಮಗೆ ಅಂದರು. ಆಮೇಲೆ ವರ್ಷಕ್ಕೆ 2 ಲಕ್ಷದಂತೆ ಮೂರು ವರ್ಷ ಕೊಡಲು ಒಪ್ಪಿದ್ದಾರೆ. 2 ಲಕ್ಷ ಕಡಿಮೆ ಆಯಿತು ಅಂತ ಕಮಿಟಿಯಲ್ಲಿ ನನಗೆ ಬೈಗುಳ. ಒಬ್ಬ ಹೊರಗಿನ ಗೋಲ್‌ಕೀಪರ್‌ನನ್ನು ಟೂರ್ನಿ ಲೆಕ್ಕದಲ್ಲಿ ತರುವ ಅಂತ ಆಗಿದೆ, ಅದಕ್ಕೆ ಬೈಬೇಡಿ. ಆಡಿಟ್‌ಗೆ ಯಾವಾಗ ಬರಲಿ? ಒಂದು ವಿಷಯ, ಕಳೆದ ವರ್ಷದ ರಶೀದಿ ಪುಸ್ತಕದಲ್ಲಿ ಮೂರು ಹಾಳೆ ಕಾಣುತ್ತಿಲ್ಲ. 47, 48, 49.

ಉತ್ತರ:
ಗೋಲ್‌ಕೀಪರ್ ಬರಲಿ. ಶನಿವಾರ ಬೆಳಿಗ್ಗೆ ಬನ್ನಿ. ಅದಕ್ಕೆ ಮೊದಲು ಆ ಮೂರು ಹಾಳೆ ಹುಡುಕಿ, ಕಳೆದ ವರ್ಷ ಪುಸ್ತಕ ಯಾರ ಕೈಯಲ್ಲಿತ್ತು ಅಂತ ನೆನಪು ಮಾಡಿಕೊಳ್ಳಿ. ಡಬ್ಬಿಯಲ್ಲಿ ಮಾತ್ರ ತರಬೇಡಿ.