ಹಿತ್ತಾಳೆ ಮಂಗನ ಚಳಿ

ಗುಂಪು: ಅಜ್ಜನ ಮನೆ

ದೊಡ್ಡಪ್ಪ (ಫಾರ್ವರ್ಡ್): ಇಂಗ್ಲಿಷಿನವರು ಕೊರೆಯುವ ಚಳಿಗೆ ‘ಬ್ರಾಸ್ ಮಂಕಿ ವೆದರ್’ ಎನ್ನುವುದೇಕೆ ಗೊತ್ತೇ? ಹಳೇ ಯುದ್ಧನೌಕೆಗಳಲ್ಲಿ ಕಬ್ಬಿಣದ ಫಿರಂಗಿ ಗುಂಡು ಪೇರಿಸಿಡುತ್ತಿದ್ದ ಹಿತ್ತಾಳೆ ತಟ್ಟೆಯ ಹೆಸರು ಮಂಕಿ. ಚಳಿಗೆ ತಟ್ಟೆ ಕುಗ್ಗಿ ಗುಂಡುಗಳು ಉರುಳಿಬೀಳುತ್ತಿದ್ದವು! ಎಲ್ಲರಿಗೂ ಹಂಚಿ.

ಚಿಕ್ಕಮ್ಮ: ಎಷ್ಟು ಚೆನ್ನಾಗಿದೆ! ಮಕ್ಕಳಿಗೆ ಕಳಿಸಿದೆ.

ನಾನು: ದೊಡ್ಡಪ್ಪ, ಇದು ಕಟ್ಟುಕತೆ. ಚಿಕ್ಕಮ್ಮ, ದಯವಿಟ್ಟು ಅಳಿಸಿ.

ದೊಡ್ಡಪ್ಪ: ಏನಪ್ಪಾ ತಪ್ಪು? ಹಿತ್ತಾಳೆ ಕಬ್ಬಿಣಕ್ಕಿಂತ ಜಾಸ್ತಿ ಕುಗ್ಗುತ್ತೆ. ಮೂವತ್ತು ವರ್ಷ ವರ್ಕ್‌ಶಾಪಲ್ಲಿ ಇದ್ದವನು ನಾನು.

ನಾನು: ಕುಗ್ಗುತ್ತೆ, ಒಪ್ಪಿದೆ. ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿಗೆ, ಹಿತ್ತಾಳೆ ಸುಮಾರು 19 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 19 ಭಾಗ), ಬೀಡುಕಬ್ಬಿಣ 11. ಚಳಿ 30 ಡಿಗ್ರಿ ಇಳೀತು ಅಂತಲೇ ಇಟ್ಕೊಳ್ಳಿ.

ದೊಡ್ಡಪ್ಪ: ಎರಡರ ವ್ಯತ್ಯಾಸ 8, ಮೂವತ್ತು ಡಿಗ್ರಿಗೆ 240 ಮೈಕ್ರಾನ್. ಕಾಲು ಮಿಲಿಮೀಟರೂ ಇಲ್ಲ.

ನಾನು: ಅಷ್ಟಕ್ಕೆ ಗುಂಡು ಉರುಳುತ್ತಾ? ಸಮುದ್ರದಲ್ಲಿ ಹಡಗು ಒಂದು ಸಲ ವಾಲಿದ್ರೆ ಸಾಕು, ಚಳಿ ಬರೋ ತನಕ ಕಾಯಬೇಕಿಲ್ಲ. ಅದಕ್ಕೇ ತೂತು ಕೊರೆದ ಮರದ ಹಲಗೆಗಳಲ್ಲಿ ಗುಂಡು ಕೂರಿಸಿಡ್ತಿದ್ರು.

ದೊಡ್ಡಪ್ಪ: ಆದ್ರೆ ಹಡಗಲ್ಲಿ ಮಂಕಿ ಅನ್ನೋ ಪದ ಇತ್ತಲ್ಲ?

ನಾನು: ಇತ್ತು. ಫಿರಂಗಿಗೆ ಮದ್ದು ಹೊತ್ತು ಓಡಾಡ್ತಿದ್ದ ಹುಡುಗರಿಗೆ ‘ಪೌಡರ್ ಮಂಕಿ’ ಅಂತಿದ್ರು. ಪಾಪ, ಚಿಕ್ಕ ಚಿಕ್ಕ ಹುಡುಗರು. ತಟ್ಟೆಗಲ್ಲ.

ಅಕ್ಕ (ಇಂಗ್ಲೆಂಡಿನ ಲೀಡ್ಸ್): ಇಲ್ಲಿ ಬರೀ ‘ಬ್ರಾಸ್ ಮಂಕೀಸ್’ ಅಂದ್ರೂ ವಿಪರೀತ ಚಳಿ ಅಂತಲೇ. ಹಿತ್ತಾಳೆ ಮಂಗನ ಯಾವುದೋ ಅಂಗ ಉದುರೋವಷ್ಟು ಚಳಿ ಅನ್ನೋ ಪೂರ್ತಿ ಮಾತು ಈ ಗುಂಪಲ್ಲಿ ಬರೆಯೋ ಹಾಗಿಲ್ಲ.

ನಾನು: ಪೂರ್ತಿ ಮಾತಲ್ಲೇ ಉತ್ತರ ಇದೆ ಅಕ್ಕಾ. 19ನೇ ಶತಮಾನದ ಬರಹಗಳಲ್ಲಿ ಆ ಮಂಗನಿಗೆ ಮೂಗು, ಬಾಲ, ಕಿವಿ ಎಲ್ಲಾ ಇದೆ. ಅಮೆರಿಕದ ಲೇಖಕ ಹರ್ಮನ್ ಮೆಲ್ವಿಲ್ 1847ರಲ್ಲಿ ತಂದ ‘ಓಮೂ’ ಪುಸ್ತಕದಲ್ಲಿ ಒಬ್ಬ, ಹಿತ್ತಾಳೆ ಮಂಗನ ಮೂಗು ಕರಗೋವಷ್ಟು ಸೆಕೆ ಅಂತಾನೆ. ಸೆಕೆ! ತಟ್ಟೆಗೆ ಮೂಗೆಲ್ಲಿಂದ ಬಂತು ದೊಡ್ಡಪ್ಪ? ಅದು ಲೋಹದ ಮಂಗನ ಬೊಂಬೆಯೇ.

ದೊಡ್ಡಪ್ಪ: ಸರಿನಪ್ಪಾ. ಆದ್ರೂ ಕತೆ ಓದೋಕೆ ಚೆಂದ ಇತ್ತು, ಯಾರಿಗೇನು ನಷ್ಟ?

ನಾನು: ನೀವು ಕಳಿಸಿದ್ದು ಅಂದ್ರೆ ಮನೇಲಿ ಎಲ್ಲರೂ ನಂಬ್ತಾರೆ. ಅದಕ್ಕೇ ಇಷ್ಟು ಹೇಳಿದ್ದು.

ದೊಡ್ಡಪ್ಪ: ಸರಿ, ಆ ಲೆಕ್ಕ ನೀಟಾಗಿ ಬರೆದು ಹಾಕು. ನಮ್ಮ ರಿಟೈರ್ಡ್ ಗುಂಪಿಗೂ ನಾನೇ ಕಳಿಸಿದ್ದೆ, ತಿದ್ದಬೇಕು.

ಚಿಕ್ಕಮ್ಮ: ನಾನು ಅಳಿಸಿದೆ. ಸೊಸೆ ಆಗಲೇ ಸ್ಕೂಲ್ ಗುಂಪಿಗೆ ಹಾಕಿಬಿಟ್ಟಿದಾಳಂತೆ.