ಐರ್ಲೆಂಡ್‌ಗೆ ಲಕ್ಸುರಿ ಕೋಚ್ ಟೂರ್: ದುಡ್ಡಿಗೆ ತಕ್ಕ ಹಾಗಿರುತ್ತಾ? ಹೋಗಿ ಬಂದವರು ಹೇಳಿ

ಗುಮ್ಮಟದೂರಿನವ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಬ್ಯಾಂಕಿನಿಂದ ರಿಟೈರ್ ಆಗಿ ಎರಡು ವರ್ಷ ಆಯ್ತು. ನನಗೆ 62, ಮನೆಯವರಿಗೆ 58. ಈ ಮೇ ತಿಂಗಳ ಬಿಸಿಲಲ್ಲಿ ಕೂಲರ್ ಮುಂದೆ ಕೂತು ಯೂಟ್ಯೂಬಿನಲ್ಲಿ ಐರ್ಲೆಂಡಿನ ಹಸಿರು ನೋಡಿ ನೋಡಿ, "ಸತ್ತರೂ ಒಮ್ಮೆ ಇದನ್ನ ನೋಡಿ ಸಾಯಬೇಕು" ಅಂದುಬಿಟ್ಟರು. ಮೂವತ್ತು ವರ್ಷದಲ್ಲಿ ಏನೂ ಕೇಳಿದವರಲ್ಲ. ಇಲ್ಲ ಅನ್ನೋಕೆ ಆಗಲಿಲ್ಲ.

ಏಜೆಂಟ್ ಒಬ್ಬರು 11 ದಿನದ ಪ್ಯಾಕೇಜ್ ತೋರಿಸಿದ್ದಾರೆ. ಡಬ್ಲಿನ್‌ನಿಂದ ಶುರು. ಗ್ಲೆಂಡಲೋಕ್, ರಾಕ್ ಆಫ್ ಕ್ಯಾಶೆಲ್, ಬ್ಲಾರ್ನಿ, ಕಿಲಾರ್ನಿ, ರಿಂಗ್ ಆಫ್ ಕೆರ್ರಿ, ಕ್ಲಿಫ್ಸ್ ಆಫ್ ಮೋಹರ್, ಕಾನಮಾರಾ, ಆಮೇಲೆ ಬೆಲ್‌ಫಾಸ್ಟ್ ಕಡೆ ಜೈಂಟ್ಸ್ ಕಾಸ್‌ವೇ, ವಾಪಸ್ ಡಬ್ಲಿನ್. 36 ಸೀಟಿನ ಕೋಚ್, ಪೂರ್ತಿ ದಿನ ಗೈಡ್, ಒಂದು ರಾತ್ರಿ ಹಳೇ ಕೋಟೆಯನ್ನೇ ಹೋಟೆಲ್ ಮಾಡಿದ ಜಾಗದಲ್ಲಿ ವಾಸ. ರೇಟು ಕೇಳಿ ಎದೆ ಝಲ್ ಅಂತು. ನಮ್ಮ ಭಾವಮೈದುನ ಹೇಳ್ತಾನೆ, "ಅಲ್ಲೂ ನಮ್ಮ ಹಾಗೇ ಎಡಗಡೆ ಗಾಡಿ ಓಡಿಸೋದು, ಸುಮ್ನೆ ಕಾರು ಬಾಡಿಗೆಗೆ ತಗೊಂಡು ಹೋಗಿ, ಅರ್ಧ ದುಡ್ಡಲ್ಲಿ ಆಗುತ್ತೆ" ಅಂತ.

ಮನೆಯವರಿಗೆ ಮೊಣಕಾಲು ನೋವು. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆನೂ ಇಲ್ಲ. ಇಂಥವರಿಗೆ ಈ ಟೂರ್ ಆಗುತ್ತಾ? ವೀಸಾ ಕಷ್ಟನಾ? ಹೋಗಿ ಬಂದವರು ಉತ್ತರಿಸಿದರೆ ಉಪಕಾರ.

ಟಿಳಕವಾಡಿ ಟೀಚರ್ (ಬೆಳಗಾವಿ)

ಸರ್, ಎರಡು ವರ್ಷದ ಹಿಂದೆ ಸೆಪ್ಟೆಂಬರ್‌ನಲ್ಲಿ ನಾನು ಮತ್ತು ನಮ್ಮ ಯಜಮಾನರು ಹೆಚ್ಚು ಕಡಿಮೆ ಇದೇ ದಾರಿಯಲ್ಲಿ ಹೋಗಿ ಬಂದೆವು. ಕಾರಿನ ಮಾತು ಬಿಡಿ. ಹಳ್ಳಿ ರಸ್ತೆಗಳು ನಮ್ಮ ಹೊಲದ ದಾರಿಯಷ್ಟೇ ಅಗಲ, ಎರಡೂ ಕಡೆ ಕಲ್ಲಿನ ಗೋಡೆ ಇಲ್ಲವೇ ಬೇಲಿ, ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಾದರೂ ಒಬ್ಬರು ರಿವರ್ಸ್ ಹೋಗಲೇಬೇಕು. ರಿಂಗ್ ಆಫ್ ಕೆರ್ರಿ ಸುಮಾರು 179 ಕಿಲೋಮೀಟರ್ ಸುತ್ತು. ಅಲ್ಲಿ ಬಸ್ಸುಗಳೆಲ್ಲ ಒಂದೇ ದಿಕ್ಕಿಗೆ, ಗಡಿಯಾರದ ಮುಳ್ಳಿಗೆ ಉಲ್ಟಾ ಸುತ್ತುತ್ತವೆ. ಎದುರುಬದುರಾದರೆ ದಾಟಲಿಕ್ಕೆ ಆಗಲ್ಲ, ಅದಕ್ಕೆ. ನೀವು ಸ್ಟಿಯರಿಂಗ್ ಹಿಡಿದು ಕೂತರೆ ಮನೆಯವರು ಹಸಿರು ನೋಡ್ತಾರೆ, ನೀವು ಗೋಡೆ ನೋಡ್ತೀರಿ.

ಈಗ ಲಕ್ಸುರಿ ವಿಷಯ. ಕೋಟೆ ಹೋಟೆಲ್ ನೋಡಿ ಮರುಳಾಗಬೇಡಿ ಅಂತ ನನ್ನ ಮಾತು. ಕೋಟೆಗೆ ನಾವು ಸಂಜೆ ಆರಕ್ಕೆ ಹೋದೆವು, ಬೆಳಿಗ್ಗೆ ಎಂಟಕ್ಕೆ ಹೊರಟೆವು. ಅದರಲ್ಲಿ ಎಂಟು ತಾಸು ಕಣ್ಣು ಮುಚ್ಚಿಕೊಂಡಿದ್ದೆವು! ನನಗೆ ನಿಜವಾದ ಸುಖ ಅನಿಸಿದ್ದು ಬೇರೆ. ಬೆಳಿಗ್ಗೆ ಬ್ಯಾಗ್ ರೂಮಿನ ಬಾಗಿಲ ಹೊರಗೆ ಇಟ್ಟರೆ ಸಾಕು, ಸಂಜೆ ಮುಂದಿನ ಊರಿನ ರೂಮಿನಲ್ಲಿ ಇರುತ್ತೆ. ಮೊಣಕಾಲು ನೋವಿನವರಿಗೆ ಅದರ ಬೆಲೆ ಗೊತ್ತು. ಎರಡನೇದು ಗೈಡ್. ನಮ್ಮ ಡ್ರೈವರೇ ಗೈಡ್ ಕೂಡ ಆಗಿದ್ದರು. ಮೊದಲ ದಿನ "ವಾಟ್ಸ್ ದ ಕ್ರ್ಯಾಕ್?" ಅಂದಾಗ ನಮ್ಮ ಯಜಮಾನರು ಸೀಟಿನಲ್ಲಿ ಎಲ್ಲಿ ಬಿರುಕು ಬಿಟ್ಟಿದೆ ಅಂತ ಬಗ್ಗಿ ನೋಡಿದರು. ಅಲ್ಲಿ ಕ್ರ್ಯಾಕ್ ಅಂದರೆ ಹರಟೆ, ಮಜಾ, ಏನು ಸಮಾಚಾರ ಅನ್ನೋ ಅರ್ಥ. ಆ ಮನುಷ್ಯ ಇಲ್ಲದಿದ್ದರೆ ಅದು ಬರೀ ಕಿಟಕಿಯಾಚೆ ಹುಲ್ಲು ನೋಡಿದ ಟೂರ್ ಆಗುತ್ತಿತ್ತು.

ದುಡ್ಡು ಕಟ್ಟುವ ಮೊದಲು ಏಜೆಂಟನ್ನ ಇಷ್ಟು ಕೇಳಿ. ಒಂದೇ ಊರಲ್ಲಿ ಎರಡು ರಾತ್ರಿ ಎಷ್ಟು ಕಡೆ? ದಿನಾ ಹೋಟೆಲ್ ಬದಲಾಯಿಸುವ ಟೂರ್ ಆದರೆ ಎಷ್ಟೇ ಲಕ್ಸುರಿ ಇರಲಿ, ಆರನೇ ದಿನಕ್ಕೆ ಸುಸ್ತು. ದಿನಕ್ಕೆ ಎಷ್ಟು ತಾಸು ಬಸ್ಸಿನಲ್ಲಿ? ಅಲ್ಲಿ ಡ್ರೈವರ್ ನಾಲ್ಕೂವರೆ ತಾಸು ಓಡಿಸಿದ ಮೇಲೆ 45 ನಿಮಿಷ ವಿರಾಮ ಕೊಡಲೇಬೇಕು ಅಂತ ಕಾನೂನಿದೆ, ನಮ್ಮ ರಾತ್ರಿ ಬಸ್ಸಿನ ಹಾಗಲ್ಲ. ಮೂರನೇದು, ಇದು ನಾವು ಏಟು ತಿಂದು ಕಲಿತದ್ದು: ಬ್ರೋಷರ್‌ನಲ್ಲಿ "ಭೇಟಿ" ಅಂತ ಇದೆಯೋ "ನೋಟ" ಅಂತ ಇದೆಯೋ ನೋಡಿ. ನಮ್ಮ ಕಂಪನಿಯವರು ರಾಕ್ ಆಫ್ ಕ್ಯಾಶೆಲ್ ಅಂತ ಗುಡ್ಡದ ಮೇಲಿನ ಹಳೇ ಕೋಟೆಯ ದೊಡ್ಡ ಫೋಟೋ ಹಾಕಿದ್ದರು. ಗುಡ್ಡದ ಕೆಳಗೆ ಹತ್ತು ನಿಮಿಷ ಬಸ್ ನಿಲ್ಲಿಸಿ, ಫೋಟೋ ತಗೊಳ್ಳಿ ಅಂದು ಹೊರಟೇಬಿಟ್ಟರು. ಜಗಳ ಮಾಡಿದೆ. ಬ್ರೋಷರ್ ತೆಗೆದು ತೋರಿಸಿದರು, ಸಣ್ಣ ಅಕ್ಷರದಲ್ಲಿ "ನೋಟ" ಅಂತಲೇ ಇತ್ತು. ಬಾಯಿ ಮುಚ್ಚಿಕೊಂಡು ಕೂತೆ.

ಮೊಣಕಾಲಿನ ಲೆಕ್ಕಕ್ಕೆ ಬಂದರೆ, ಬ್ಲಾರ್ನಿ ಬಿಟ್ಟುಬಿಡಿ. ನೂರಕ್ಕಿಂತ ಜಾಸ್ತಿ ಕಿರಿದಾದ ಸುತ್ತು ಮೆಟ್ಟಿಲು ಹತ್ತಿ, ಕೋಟೆಯ ನೆತ್ತಿಯಲ್ಲಿ ಅಂಗಾತ ಮಲಗಿ, ತಲೆ ಕೆಳಗೆ ಮಾಡಿ ಒಂದು ಕಲ್ಲಿಗೆ ಮುತ್ತು ಕೊಡಬೇಕು. ಕೊಟ್ಟರೆ ಮಾತಿನ ಮಲ್ಲರಾಗ್ತಾರಂತೆ. ಮನೆಯವರು ಕೆಳಗಿನ ತೋಟ ನೋಡಲಿ, ತೋಟ ಚೆನ್ನಾಗಿದೆ. ಜೈಂಟ್ಸ್ ಕಾಸ್‌ವೇಯಲ್ಲಿ ಮೇಲಿಂದ ಸಮುದ್ರದ ತನಕ ಸುಮಾರು ಒಂದು ಕಿಲೋಮೀಟರ್ ಇಳಿಜಾರು, ಆದರೆ ಸಣ್ಣ ಬಸ್ಸಿದೆ, ಬೇರೆ ಟಿಕೆಟ್. ಸುಮಾರು 40,000 ಕಲ್ಲಿನ ಕಂಬ, ಜಾಸ್ತಿ ಆರು ಮೂಲೆಯವು, ಯಾರೋ ಉಳಿ ಹಿಡಿದು ಕಡೆದು ಜೋಡಿಸಿದ ಹಾಗೆ. ಸುಮಾರು 6 ಕೋಟಿ ವರ್ಷದ ಹಿಂದೆ ಲಾವಾ ಆರಿ ಸೀಳಿ ಆದದ್ದು. ನಮ್ಮ ಬೆಳಗಾವಿ, ವಿಜಯಪುರದ ಕಪ್ಪು ಕಲ್ಲೂ ಅದೇ ಜಾತಿ, ಲಾವಾದ ಕಲ್ಲು. ಹೆಂಗಸರೊಬ್ಬರು ಅದನ್ನ ಮುಟ್ಟಿ ಮುಟ್ಟಿ ಅಚ್ಚರಿಪಡುತ್ತಿದ್ದರು, ನನಗೆ ಊರಿನ ಬಾವಿ ಕಟ್ಟೆ ನೆನಪಾಯಿತು.

ಕ್ಲಿಫ್ಸ್ ಆಫ್ ಮೋಹರ್ ಬಗ್ಗೆ ನನ್ನ ಕೇಳಬೇಡಿ. ಸಮುದ್ರದ ಅಂಚಿನ ಕಡಿದಾದ ಬಂಡೆ, 214 ಮೀಟರ್ ಎತ್ತರ ಅಂತಾರೆ. ನಾವು ಹೋದ ದಿನ ಮಂಜು, ಹಾಲಿನ ಪಾತ್ರೆಯೊಳಗೆ ನಿಂತ ಹಾಗಿತ್ತು. ಸದ್ದು ಮಾತ್ರ ಕೇಳಿದೆವು.

ಘಟಪ್ರಭಾ ದಂಡೆ (ಬಾಗಲಕೋಟೆ)

ಕಾಕಾ, ನಾನು ಲಿಮರಿಕ್‌ನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಬಂದವನು. ಟೀಚರ್ ಅಕ್ಕಾವ್ರು ಹೇಳಿದ್ದು ಸರಿ, ನಾನು ವೀಸಾದ ಬಗ್ಗೆ ಹೇಳ್ತೀನಿ, ಯಾಕೆಂದರೆ ಜನ ಎಡವುವುದು ಅಲ್ಲೇ.

ಐರ್ಲೆಂಡ್ ಯುರೋಪಿಯನ್ ಯೂನಿಯನ್‌ನಲ್ಲಿದೆ, ಆದರೆ ಶೆಂಗೆನ್‌ನಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಇಲ್ಲ. ಶೆಂಗೆನ್ ವೀಸಾ ಇಟ್ಟುಕೊಂಡು ಹೋದರೆ ನಡೆಯಲ್ಲ. ಇನ್ನೊಂದು, ನಿಮ್ಮ ಟೂರಿನ ಬೆಲ್‌ಫಾಸ್ಟ್ ಮತ್ತು ಜೈಂಟ್ಸ್ ಕಾಸ್‌ವೇ ಇರುವುದು ಉತ್ತರ ಐರ್ಲೆಂಡಿನಲ್ಲಿ, ಅದು ಬ್ರಿಟನ್ನಿಗೆ ಸೇರಿದ್ದು. ಅಂದರೆ ಲೆಕ್ಕಕ್ಕೆ ಎರಡು ದೇಶ. ಭಾರತದವರಿಗೆ ಬ್ರಿಟಿಷ್-ಐರಿಷ್ ವೀಸಾ ಸ್ಕೀಮ್ ಅಂತ ಇದೆ, ಐರಿಷ್ ವೀಸಾ ಮೇಲೆ "ಬಿಐವಿಎಸ್" ಅಂತ ನಮೂದಾಗಿದ್ದರೆ ಅದೇ ವೀಸಾದಲ್ಲಿ ಎರಡೂ ಕಡೆ ಓಡಾಡಬಹುದು, ಆದರೆ ಮೊದಲು ಐರ್ಲೆಂಡಿಗೇ ಇಳಿಯಬೇಕು. ಬಸ್ಸಿನಲ್ಲಿ ಗಡಿ ದಾಟುವಾಗ ಗೇಟೂ ಇಲ್ಲ, ಪೊಲೀಸೂ ಇಲ್ಲ. ಕೊಗನೊಳಿ ದಾಟುವಾಗಲಾದರೂ ಟೋಲ್ ಬರುತ್ತೆ, ಅಲ್ಲಿ ಅದೂ ಇಲ್ಲ. ಬೋರ್ಡಿನಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬಂತು ಅಂದರೆ ಉತ್ತರಕ್ಕೆ ಬಂದಿರಿ ಅಂತ ತಿಳಿದುಕೊಳ್ಳಬೇಕು, ಅಂಗಡಿಯಲ್ಲಿ ಯೂರೋ ಬದಲು ಪೌಂಡ್. ಅದಕ್ಕೇ ಕೆಲವು ಏಜೆಂಟರು "ಯಾರೂ ಕೇಳಲ್ಲ ಬಿಡಿ" ಅಂತಾರೆ. ಕೇಳಿದರೆ ಉತ್ತರ ಕೊಡಬೇಕಾದವರು ನೀವು, ಏಜೆಂಟ್ ಅಲ್ಲ. ವೀಸಾ ಪ್ರತಿಯಲ್ಲಿ ಆ ನಾಲ್ಕು ಅಕ್ಷರ ಇದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ.

ಪ್ಯಾಕೇಜ್ ಮೇಲೆ ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತಾರೆ, ಅದು ಆದಾಯ ತೆರಿಗೆ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತೆ. ನೀವು ಬ್ಯಾಂಕಿನವರು, ನಿಮಗೆ ನಾನು ಹೇಳೋದಾ.

ಊಟ: ಬೆಳಿಗ್ಗೆ ಓಟ್ಸ್ ಗಂಜಿ, ಸೋಡಾ ಬ್ರೆಡ್, ಬೆಣ್ಣೆ. ಆ ಬೆಣ್ಣೆಯ ರುಚಿ ನನಗೆ ಇನ್ನೂ ಬಾಯಲ್ಲಿದೆ. ಮಧ್ಯಾಹ್ನ ರಾತ್ರಿ ಬಟಾಟಿ. ಬೇಯಿಸಿದ್ದು, ಹಿಸುಕಿದ್ದು, ಹುರಿದದ್ದು. ಸೂಪ್ ಕೇಳುವಾಗ ಮಾತ್ರ ಹುಷಾರು, ತರಕಾರಿ ಸೂಪ್ ಅಂದರೂ ಕೋಳಿ ರಸದಲ್ಲಿ ಮಾಡಿರಬಹುದು, ಬಾಯಿ ಬಿಟ್ಟು ಕೇಳಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇಟ್ಟುಕೊಳ್ಳಿ. ಕುಂದಾ, ಪೇಡಾ, ತುಪ್ಪ ಬೇಡ. ಹೊರಗಿನ ದೇಶದಿಂದ ಹಾಲಿನ ಪದಾರ್ಥ ಮತ್ತು ಮಾಂಸ ತರುವ ಹಾಗಿಲ್ಲ ಅಂತ ಅಲ್ಲಿ ನಿಯಮ.

ಕೆರ್ರಿ ಕಡೆ ಹೋದಾಗ ಕುರಿ ನಾಯಿಯ ಆಟ ತೋರಿಸಿ ಅಂತ ಕೇಳಿ. ಕುರುಬ ಗುಡ್ಡದ ಕೆಳಗೆ ನಿಂತು ಸೀಟಿ ಹೊಡೆಯುತ್ತಾನೆ, ನಾಯಿ ಅಷ್ಟು ದೂರದಲ್ಲಿ ಕುರಿಗಳನ್ನ ಎಡಕ್ಕೆ, ಬಲಕ್ಕೆ, ದೊಡ್ಡಿಯೊಳಗೆ ಅಂತ ನಡೆಸುತ್ತೆ. ನಮ್ಮ ಮುಧೋಳ ನಾಯಿ ಬೇಟೆಗೆ ಹುಟ್ಟಿದ್ದು, ಅದು ಈ ಕೆಲಸ ಮಾಡಲ್ಲ. ಆದರೆ ಓಡಲಿಕ್ಕೆ ಬಿಟ್ಟರೆ ಆ ಕುರಿ ನಾಯಿಯನ್ನ ಹಿಂದೆ ಹಾಕುತ್ತೆ ಅಂತ ನನ್ನ ವಾದ, ಅಲ್ಲಿ ಒಬ್ಬ ಮುದುಕನ ಜೊತೆ ಅರ್ಧ ತಾಸು ಇದೇ ವಾದ ಮಾಡಿದ್ದೇನೆ.

ಜೋಳದ ರೊಟ್ಟಿ

ಅಷ್ಟು ದುಡ್ಡು ಕೊಟ್ಟು ಮಳೆ ನೋಡೋಕೆ ಹೋಗಬೇಕಾ? ಆಗಸ್ಟ್‌ನಲ್ಲಿ ಖಾನಾಪುರ, ಜಾಂಬೋಟಿ ಕಡೆ ಬನ್ನಿ, ಅದಕ್ಕಿಂತ ಹಸಿರು ತೋರಿಸ್ತೀನಿ. ಐಹೊಳೆ ಪಟ್ಟದಕಲ್ಲು ಸರಿಯಾಗಿ ನೋಡಿರೋರು ಎಷ್ಟು ಜನ ಇದ್ದಾರೆ ಇಲ್ಲಿ?

ಟಿಳಕವಾಡಿ ಟೀಚರ್ (ಬೆಳಗಾವಿ)

ಜೋಳದ ರೊಟ್ಟಿಯವರೇ, ಜಾಂಬೋಟಿ ಹಸಿರು ನಾನೂ ನೋಡಿದ್ದೇನೆ, ಜಿಗಣೆಯನ್ನೂ ನೋಡಿದ್ದೇನೆ. ಅವರ ಮನೆಯವರು ಕೇಳಿದ್ದು ಐರ್ಲೆಂಡ್.

ಹಳೇ ಕಲಾದಗಿ (ಬಾಗಲಕೋಟೆ)

ನಾನು ಕೋಚ್ ಟೂರಿನಲ್ಲಿ ಹೋಗಿಲ್ಲ, ಮಗನ ಮನೆಗೆ ಹೋದಾಗ ನೋಡಿದ್ದು. ಒಂದೇ ಮಾತು ಹೇಳಬೇಕು. ಈ ಲಕ್ಸುರಿ ಟೂರುಗಳು ಕೋಟೆ, ಬಂಗಲೆ, ತೋಟ, ಉಣ್ಣೆ ಅಂಗಡಿ ತೋರಿಸುತ್ತವೆ. ಬರಗಾಲವನ್ನ ತೋರಿಸಲ್ಲ, ತೋರಿಸಿದರೂ ಬಸ್ಸಿನ ಮೈಕಿನಲ್ಲಿ ಎರಡು ನಿಮಿಷ.

1845ರಲ್ಲಿ ಬಟಾಟಿ ಬೆಳೆಗೆ ರೋಗ ಬಿತ್ತು. ಬಡವರಿಗೆ ಬಟಾಟಿ ಬಿಟ್ಟರೆ ಬೇರೆ ಊಟ ಇರಲಿಲ್ಲ. 1852ರ ಹೊತ್ತಿಗೆ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷ ಹಡಗು ಹತ್ತಿ ದೇಶ ಬಿಟ್ಟರು. ಆ ಹೊತ್ತಲ್ಲೂ ಅಲ್ಲಿಂದ ದನ, ಕಾಳು, ಬೆಣ್ಣೆ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಇದನ್ನ ಓದುವಾಗ ನನಗೆ ನಮ್ಮ ಕಡೆಯ 1876-78ರ ಬರ ಕಣ್ಣಿಗೆ ಬಂತು. ಆಗ ನಮ್ಮ ಜಿಲ್ಲೆಯ ಹೆಸರೇ ಕಲಾದಗಿ, ವಿಜಯಪುರ ಕೂಡ ಅದರಲ್ಲೇ. ಊರಿಗೆ ಊರೇ ಖಾಲಿಯಾದ ಕಥೆ ನಮ್ಮ ಅಜ್ಜಿಯ ಅಜ್ಜಿ ಹೇಳಿದ್ದು ಮನೆಯಲ್ಲಿ ಉಳಿದಿದೆ. ಆಗಲೂ ಬಂದರುಗಳಿಂದ ಧಾನ್ಯ ಹೊರಗೆ ಹೋಗುತ್ತಿತ್ತು, ಆಳುವವರೂ ಅದೇ ಇಂಗ್ಲಿಷರೇ.

ಈಗ ಆ ಕೋಟೆ ಹೋಟೆಲ್ ಕಥೆ. ಪಶ್ಚಿಮದ ಮೇಯೋ ಜಿಲ್ಲೆಯಲ್ಲಿ ಆಶ್‌ಫರ್ಡ್ ಕ್ಯಾಸಲ್ ಅಂತ ಇದೆ, ದುಬಾರಿ ಟೂರುಗಳು ಅಲ್ಲಿ ಉಳಿಸುತ್ತವೆ. 1228ರಷ್ಟು ಹಳೇ ಮೂಲ. ಅದನ್ನ ಬಿಯರ್ ಮಾಡುವ ಗಿನ್ನೆಸ್ ಮನೆತನದವರು ಕೊಂಡದ್ದು 1852ರಲ್ಲಿ. ಆ ವರ್ಷ ಯಾವುದು ಅಂತ ಮೇಲೆ ನೋಡಿ. ಬರದಲ್ಲಿ ಗೇಣಿ ಬರದೆ ಸಾಲಕ್ಕೆ ಬಿದ್ದ ಜಮೀನುದಾರರ ಆಸ್ತಿ ಎಷ್ಟೋ ಹೀಗೆ ಕೈ ಬದಲಾಯಿತು. ನಾನು ಹೋಗಬೇಡಿ ಅನ್ನಲ್ಲ. ಹೋಗಿ, ಆ ಮೆತ್ತನೆ ಹಾಸಿಗೆಯಲ್ಲಿ ಮಲಗಿ. ಗೈಡ್ ಹತ್ತಿರ ಮಾತ್ರ ಈ ಪ್ರಶ್ನೆ ಕೇಳಿ. ಐರಿಷ್ ಗೈಡುಗಳು ಇದಕ್ಕೆ ಕಾಯುತ್ತಾ ಇರ್ತಾರೆ, ಯಾರೂ ಕೇಳಲ್ಲ. ಡಬ್ಲಿನ್‌ನಲ್ಲಿ ಬಿಡುವಿದ್ದರೆ ಲಿಫಿ ನದಿ ದಂಡೆಯಲ್ಲಿ ಬರದವರ ಕಂಚಿನ ಮೂರ್ತಿಗಳಿವೆ, ಒಣಗಿದ ಮೈ, ಕೈಯಲ್ಲಿ ಗಂಟು. ಟಿಕೆಟ್ ಇಲ್ಲ, ಮೆಟ್ಟಿಲೂ ಇಲ್ಲ.

ಘಟಪ್ರಭಾ ದಂಡೆ (ಬಾಗಲಕೋಟೆ)

ಕಲಾದಗಿಯವರೇ, ಇದು ಗೊತ್ತಿರಲಿಲ್ಲ, ನಾಲ್ಕು ವರ್ಷ ಇದ್ದು ಬಂದರೂ. ಇನ್ನೊಂದು ವಿಷಯ ಬೆಳಗಾವಿಯವರಿಗೆ ಇಷ್ಟವಾಗುತ್ತೆ. ಅಲ್ಲಿ ಬೋರ್ಡಿನಲ್ಲಿ ಐರಿಷ್ ಮೇಲೆ, ಇಂಗ್ಲಿಷ್ ಕೆಳಗೆ. ಐರಿಷ್ ಮನೆಮಾತಾಗಿ ಉಳಿದ ಕೆಲವು ಪ್ರದೇಶಗಳಲ್ಲಿ ಬರೀ ಐರಿಷ್. ಡಿಂಗಲ್ ಅನ್ನೋ ಊರಿಗೆ 2005ರಲ್ಲಿ ಸರ್ಕಾರ ಐರಿಷ್ ಹೆಸರು ಮಾತ್ರ ಅಂತ ಮಾಡಿತು. ಊರವರೇ ಬೇಡ ಅಂದರು, ಪ್ರವಾಸಿಗಳಿಗೆ ಊರು ಸಿಗಲ್ಲ ಅಂತ! ಕೊನೆಗೆ ಹಳೇ ಹೆಸರೂ ವಾಪಸ್ ಬಂತು.

ಗುಮ್ಮಟದೂರಿನವ (ವಿಜಯಪುರ)

ಎಲ್ಲರಿಗೂ ದೊಡ್ಡ ನಮಸ್ಕಾರ. ನಿನ್ನೆ ಏಜೆಂಟನ್ನ ಕೂರಿಸಿಕೊಂಡು ಟೀಚರ್ ಅವರ ಮೂರೂ ಪ್ರಶ್ನೆ ಕೇಳಿದೆ. 10 ರಾತ್ರಿಯಲ್ಲಿ ಏಳು ಹೋಟೆಲ್! ಕ್ಯಾಶೆಲ್ "ನೋಟ"ವೇ, ಅದೇ ಸಣ್ಣ ಅಕ್ಷರ. ಬಿಐವಿಎಸ್ ಅಂದಿದ್ದಕ್ಕೆ ಅವರು ಫೋನ್ ಹಿಡಿದು ಹೊರಗೆ ಹೋದರು, ಹತ್ತು ನಿಮಿಷ ಬರಲಿಲ್ಲ. ಈಗ ಬೇರೆ ಪ್ಲ್ಯಾನ್ ನೋಡ್ತಾ ಇದ್ದೇವೆ: ಕೋಟೆ ಇಲ್ಲ, ಕಿಲಾರ್ನಿಯಲ್ಲಿ ಮೂರು ರಾತ್ರಿ, ಒಟ್ಟು ನಾಲ್ಕೇ ಹೋಟೆಲ್, ಕ್ಯಾಶೆಲ್ ಒಳಗೆ ಹೋಗುತ್ತಾರೆ. ಮನೆಯವರಿಗೆ ಕೋಟೆ ಹೋದದ್ದಕ್ಕೆ ಬೇಜಾರಾಗುತ್ತೆ ಅಂದುಕೊಂಡಿದ್ದೆ. "ಕೋಟೆ ನಮ್ಮೂರಲ್ಲೇ ಸಾಕಷ್ಟಿದೆ, ಅಲ್ಲಿ ಟಾಂಗಾ ಇದೆಯಾ?" ಅಂತ ಕೇಳಿದರು. ಕಿಲಾರ್ನಿಯಲ್ಲಿ ಕುದುರೆ ಗಾಡಿ ಇದೆಯಂತಲ್ಲ, ನಿಜನಾ? ಮತ್ತೆ ಬಸ್ಸಿನಲ್ಲಿ ಯಾವ ಕಡೆ ಸೀಟು ಒಳ್ಳೇದು?

ಟಿಳಕವಾಡಿ ಟೀಚರ್ (ಬೆಳಗಾವಿ)

ಇದೆ ಸರ್. ಜಾಂಟಿಂಗ್ ಕಾರ್ ಅಂತಾರೆ, ನ್ಯಾಷನಲ್ ಪಾರ್ಕಿನೊಳಗೆ ಕೆರೆ ಪಕ್ಕ ಹೋಗುತ್ತೆ. ಹೊಡೆಯುವವರು ನಿಮ್ಮ ಗುಮ್ಮಟದ ಮುಂದಿನ ಟಾಂಗಾದವರ ಹಾಗೇ ಮಾತುಗಾರರು, ರೇಟು ಹತ್ತುವ ಮೊದಲೇ ಮಾತಾಡಿ.

ಸೀಟು: ರಿಂಗ್ ಆಫ್ ಕೆರ್ರಿ ದಿನ ಬಲಗಡೆ, ಡ್ರೈವರ್ ಇರುವ ಸಾಲು. ಬಸ್ಸು ಉಲ್ಟಾ ಸುತ್ತುವುದರಿಂದ ಸಮುದ್ರ ಬಲಕ್ಕೇ ಸಿಗುತ್ತೆ. ಆದರೆ ಇಂಥ ಟೂರಿನಲ್ಲಿ ದಿನಾ ಸೀಟು ಸರದಿ ಮೇಲೆ ಬದಲಾಯಿಸುತ್ತಾರೆ. ಅವತ್ತೇ ಎಡಗಡೆ ಬಂದರೆ ಬಲಗಡೆಯವರಿಗೆ ಒಂದು ಶೇಂಗಾ ಹೋಳಿಗೆ ಕೊಟ್ಟು ಕೇಳಿ ನೋಡಿ. ನಾವು ಹಾಗೇ ಮಾಡಿದ್ದು. ಕೊಟ್ಟರು, ಮರುದಿನ ಇನ್ನೊಂದು ಇದೆಯಾ ಅಂತ ಕೇಳಿಕೊಂಡೂ ಬಂದರು.